ಗಿಟಾರಿನ ಸದ್ದು ಅಡಗಿಸಿದ ಅಣವೀರಪ್ಪ

ಜೋಗೇಶ್ವರಿಯ ಪೂರ್ವ ಭಾಗದಲ್ಲಿ, ರೈಲು ಹಳಿಗೆ ಬೆನ್ನು ಮಾಡಿ ನಿಂತ ಚಾಳೊಂದರಲ್ಲಿ ಅಣವೀರಪ್ಪ ವಾಸವಾಗಿದ್ದಾನೆ. ಸೇಡಂ ಕಡೆಯಿಂದ ಇಪ್ಪತ್ತರ ಪ್ರಾಯದಲ್ಲಿ ಮುಂಬಯಿಗೆ ಬಂದವನು. ಮೂವತ್ತೆರಡು ವರ್ಷಗಳಿಂದ ಅಲ್ಲಿಯದೇ ಒಂದು ಗಾಲಾದಲ್ಲಿ, ಎಂದರೆ ತಗಡಿನ ಮಾಡಿನ ಸಣ್ಣ ಕಾರ್ಖಾನೆಯಲ್ಲಿ, ರಬ್ಬರನ್ನು ಕಾಯಿಸಿ ಅಚ್ಚಿಗೆ ಒತ್ತುವ ಕೆಲಸ ಮಾಡುತ್ತಿದ್ದಾನೆ. ಮಿಕ್ಸಿಯ ಕಾಲು, ನಲ್ಲಿಯ ವಾಷರು, ಬಾಗಿಲು ಗೋಡೆಗೆ ಬಡಿಯದಂತೆ ತಡೆಯುವ ಗುಂಡಿ. ನಮ್ಮ ಮನೆಗಳಲ್ಲಿ ಯಾರೂ ಕಣ್ಣೆತ್ತಿ ನೋಡದ ಎಷ್ಟೋ ಕರಿಯ ಚೂರುಗಳು ಆತನ ಕೈಯಿಂದ ಹೊರಬಂದವುಗಳು. ಪ್ರತಿ ಸೋಮವಾರ ಸಂಜೆ ಹಳಿಯ ಬದಿಯ ಮಂದಿರದಲ್ಲಿ ನಮ್ಮ ಭಜನಾ ಮಂಡಳಿ ಸೇರುತ್ತದೆ. ಅಲ್ಲಿ ನಾನು ಪ್ರವಚನ ಹೇಳುತ್ತೇನೆ, ಅಣವೀರಪ್ಪ ಗಿಟಾರು ನುಡಿಸುತ್ತಾನೆ, ಆತನ ಹೆಂಡತಿ ಗುರುಬಾಯಿ ಹಾಡುತ್ತಿದ್ದಳು. ಆ ಹಾಡು ನಿಂತ ಬಗೆಯನ್ನೂ ಅದನ್ನು ನಿಲ್ಲಿಸಿದ್ದರಲ್ಲಿ ನನ್ನ ಪಾಲೆಷ್ಟು ಎಂಬುದನ್ನೂ ಬರೆದು ತಿಳಿಸದೆ ಇದ್ದರೆ ಇನ್ನು ಆ ಗದ್ದುಗೆಯ ಮೇಲೆ ಕುಳಿತು ಬಾಯಿ ತೆರೆಯುವ ಹಕ್ಕು ನನಗಿಲ್ಲ. ಈ ವೃತ್ತಾಂತದಲ್ಲಿ ಸಿಟ್ಟು ಬಹಳ. ಶಾಂತಿ ಬೋಧಿಸುವವನು ಸಿಟ್ಟಿನ ಕಥೆ ಹೇಳಬಹುದೇ ಎಂದು ಕೇಳುವ ಬಂಧುಗಳು ದಯವಿಟ್ಟು ಕೊನೆಯವರೆಗೆ ಓದಬೇಕು.

ಭಜನೆಗೆ ಗಿಟಾರು ಹೇಗೆ ಬಂತೆಂದು ಹೊಸಬರು ಬೆರಗಾಗುತ್ತಾರೆ. ನಮ್ಮ ಏಕತಾರಿಯವರು ಊರಿಗೆ ಮರಳಿದ ವರ್ಷ ಶ್ರುತಿ ಹಿಡಿಯುವವರೇ ಇರಲಿಲ್ಲ. ಗಾಲಾದಲ್ಲಿ ಜೊತೆಗಿದ್ದ ವಸಯಿಯ ಕ್ರೈಸ್ತ ಗೆಳೆಯನೊಬ್ಬ ಅಣವೀರಪ್ಪನಿಗೆ ತನ್ನ ಹಳೆಯ ಗಿಟಾರು ಕೊಟ್ಟು, ಊಟದ ಬಿಡುವಿನಲ್ಲಿ ನಾಲ್ಕು ಪಟ್ಟು ಕಲಿಸಿದ. ಆತ ಅದನ್ನು ಏಕತಾರಿಯಂತೆಯೇ ಮೀಟತೊಡಗಿದ. ಮೊದಲು ಮುಖ ಸಿಂಡರಿಸಿದವರು ಎರಡು ತಿಂಗಳಲ್ಲಿ ಒಗ್ಗಿಕೊಂಡರು. ಏಕೆಂದರೆ ಅದರ ಮೇಲೆ ಗುರುಬಾಯಿಯ ಕಂಠವಿತ್ತು. ತಬಲಾ, ತಾಳ, ಹೊರಗೆ ಹಾಯುವ ಲೋಕಲ್ ಗಾಡಿ, ಯಾವುದಕ್ಕೂ ಜಗ್ಗದ ಕಂಠ.

ಎರಡೂವರೆ ವರ್ಷಗಳ ಹಿಂದೆ ಆ ಕೊರಳಿನಲ್ಲಿ ಗಡ್ಡೆಯೊಂದು ಕಾಣಿಸಿಕೊಂಡಿತು. ಶಸ್ತ್ರಚಿಕಿತ್ಸೆಯಾಯಿತು. ಜೀವ ಉಳಿಯಿತು, ದನಿ ಅರ್ಧವಾಯಿತು. ಮೆಲ್ಲಗೆ ಹಾಡಿದರೆ ಮೊದಲಿಗಿಂತಲೂ ಶುದ್ಧ. ಜೋರು ಮಾಡಿದರೆ ಎರಡಾಗಿ ಸೀಳುತ್ತಿತ್ತು. ಮೈಕು ಕೊಟ್ಟು ನೋಡಿದೆವು. ಹಾಡಿಗಿಂತ ಉಸಿರೇ ದೊಡ್ಡದಾಗಿ, ಸ್ಪೀಕರು ಸಿಳ್ಳೆ ಹಾಕಿತು. ಕಟ್ಟಡದ ಗುತ್ತಿಗೆದಾರರೂ ಮಂಡಳಿಯ ಅಧ್ಯಕ್ಷರೂ ಆದ ರಾಮಪ್ಪನವರು ಎಲ್ಲರೆದುರಿಗೆ, "ಗುರುಬಾಯಿ, ಸ್ಟೇಷನ್‌ದಾಗ ಅನೌನ್ಸ್ ಮಾಡಾಕಿಗಿ ನಗಡಿ ಆದಂಗ ಕೇಳಸ್ಲತ್ತದವ್ವ. ನೀ ಹಿಂದ ಕೂತು ತಾಳ ಹಾಕು" ಎಂದುಬಿಟ್ಟರು. ಕೆಲವರು ನಕ್ಕರು. ಆಕೆ ತಾಳ ಎತ್ತಿಕೊಂಡು ಹಿಂದಿನ ಸಾಲಿಗೆ ಹೋಗಿ ಕುಳಿತಳು.

ಅಂದು ಅಣವೀರಪ್ಪ ಸ್ಟೇಷನ್ನಿನವರೆಗೆ ನನ್ನ ಜೊತೆ ನಡೆದು ಬಂದ. ನಾನು ಮಹಾನಗರಪಾಲಿಕೆಯ ಕನ್ನಡ ಶಾಲೆಯಲ್ಲಿ ಕಲಿಸಿ ನಿವೃತ್ತನಾದವನು, ಕಾಂದಿವಲಿಯಲ್ಲಿರುವವನು. ಆದ್ದರಿಂದ ಮಂಡಳಿಯವರಿಗೆಲ್ಲ ನಾನು ಮಾಸ್ತರ.

"ಮಾಸ್ತರ್ರೇ, ಆಕಿ ದನಿ ದೊಡ್ಡದ್ ಮಾಡ್ಲಾಕ ನನ್ ಕೈಲಿ ಆಗಲ್ಲ. ನನ್ ಗಿಟಾರಿನ ದನಿ ಸಣ್ಣದ್ ಮಾಡ್ಲಾಕರೆ ಆಗ್ತದಲ್ರಿ?" ಎಂದ.

"ಮೆಲ್ಲಗೆ ನುಡಿಸಿದರಾಯಿತಪ್ಪ."

"ಆಗಲ್ರಿ. ಮೆಲ್ಲಗ ಮುಟ್ಟಿದ್ರೂ ತಂತಿ ಝಣ್ ಅಂತದ, ಹೊಡಕೊಂತ ಕೂಡ್ತದ. ಆಕಿ ಎರಡನೇ ಮಾತು ಹಾಡೋತನಕ ನನ್ ಮೊದಲನೇ ಮೀಟು ಇನ್ನಾ ಒದರ್ತಿರ್ತದ."

ಗಿಟಾರಿನ ತಂತಿಗಳು ಪೆಟ್ಟಿಗೆಗೆ ಅಂಟಿದ ಒಂದು ಬಿಳಿಯ ಗಟ್ಟಿ ಪಟ್ಟಿಯ ಮೇಲೆ ಹಾದುಹೋಗುತ್ತವೆ. ವೀಣೆಯವರು ಅಂಥದ್ದಕ್ಕೆ ಕುದುರೆ ಎನ್ನುತ್ತಾರೆ. ತಂತಿಯ ನಡುಕವನ್ನು ಪೆಟ್ಟಿಗೆಗೆ ಮುಟ್ಟಿಸುವುದು ಅದೇ. ಗಟ್ಟಿ ಕುದುರೆಯ ಬದಲು ರಬ್ಬರಿನ ಕುದುರೆ ಕೂರಿಸಿದರೆ ಅರ್ಧ ನಡುಕವನ್ನು ಅದೇ ನುಂಗಿಬಿಡುತ್ತದೆ ಎಂಬುದು ಅಣವೀರಪ್ಪನ ಲೆಕ್ಕ. ರಬ್ಬರಿನ ಸಂಗತಿಯಲ್ಲಿ ಆತನಿಗೆ ಯಾರೂ ಪಾಠ ಹೇಳಬೇಕಾಗಿರಲಿಲ್ಲ. ಚೂರನ್ನು ಹೆಬ್ಬೆರಳಿನ ಉಗುರಿನಿಂದ ಒತ್ತಿ, ಅದು ಎಷ್ಟು ಬೆಂದಿದೆ, ಎಷ್ಟು ಗಡುಸು ಎಂದು ಹೇಳಬಲ್ಲವನು.

ಮೊದಲು ಸೈಕಲ್ಲಿನ ಟ್ಯೂಬನ್ನು ಮಡಿಸಿ ಇಟ್ಟ. ತಂತಿ ಅದರಲ್ಲಿ ಹೂತುಹೋಯಿತು, ಶ್ರುತಿ ನಿಲ್ಲಲಿಲ್ಲ. ಮುಂದಿನ ವಾರ ಹವಾಯಿ ಚಪ್ಪಲಿಯ ಅಟ್ಟೆಯನ್ನು ಕುಯ್ದು ಕೂರಿಸಿದ. ಗುರುಬಾಯಿ ನೋಡಿದಳು.

"ದೇವರ ಪದಕ್ಕ ಚಪ್ಪಲಿ ಹಚ್ಚೀರೇನ್ರಿ? ತಲಿ ಕೆಟ್ಟದೇನು?"

"ಹೊಸಾದು ಅದ. ಯಾರೂ ಮೆಟ್ಟಿಲ್ಲ."

"ಮೆಟ್ಟದಿದ್ರ ಅದು ಜರತಾರಿ ಸೀರಿ ಆಗ್ತದ? ತಗೀರಿ ಮೊದಲ!"

ತೆಗೆದ. ಆಮೇಲೆ ಕುಕ್ಕರಿನ ರಬ್ಬರು. ಹಳೆಯದೆಂದು ತಿಳಿದು ಒಳ್ಳೆಯದನ್ನೇ ಕತ್ತರಿಸಿದ್ದ. ಅಂದು ಮನೆಯಲ್ಲಿ ಬೇಳೆ ಬೇಯಲಿಲ್ಲ, ಆದರೆ ಜಗಳ ಚೆನ್ನಾಗಿ ಬೆಂದಿತೆಂದು ಪಕ್ಕದ ಖೋಲಿಯ ಮಲ್ಲಕ್ಕ ಭಜನೆಯಲ್ಲಿ ಎಲ್ಲರಿಗೂ ಹೇಳಿ ನಗಿಸಿದಳು. "ಅಣವೀರಪ್ಪನ ಕುದುರಿ ಓಡಂಗಿಲ್ಲ, ಬರೇ ಮಲಗ್ತದ" ಎಂಬ ಚೇಷ್ಟೆ ಹುಟ್ಟಿದ್ದೂ ಆಗಲೇ. ಆತ ಮಾಲೀಕರಾದ ಶೇಠರ ಅಪ್ಪಣೆ ಪಡೆದು, ಊಟದ ಬಿಡುವಿನಲ್ಲಿ ಹಳೆಯ ಅಚ್ಚೊಂದನ್ನು ಕೊರೆದು ತಿದ್ದಿಕೊಂಡು ತಾನೇ ಕುದುರೆಗಳನ್ನು ಒತ್ತತೊಡಗಿದ. ಮೊದಲನೆಯದು ಕಲ್ಲಿನಷ್ಟು ಗಡುಸಾಗಿ ಗಿಟಾರು ಮೊದಲಿನಂತೆಯೇ ಕಿರುಚಿತು. ಎರಡನೆಯದು ಅಂಟಂಟಾಗಿ ಹಲಗೆ ಕುಟ್ಟಿದಂತಾಯಿತು. ಬಿಡುವು ಸಿಕ್ಕಾಗಲಷ್ಟೇ ಕೆಲಸ ಸಾಗಿ ಎರಡು ವರ್ಷ ಉರುಳುತ್ತ ಬಂದವು. ಐದನೆಯದರ ಹೊತ್ತಿಗೆ ನಡುವೆ ಸಾಗುವಾನಿಯ ತೆಳ್ಳನೆಯ ಚಕ್ಕೆಯಿಟ್ಟು ಅದರ ಸುತ್ತ ರಬ್ಬರಿನ ಹೊದಿಕೆ ಬೇಯಿಸುವ ಉಪಾಯ ಹೊಳೆಯಿತು. ಆರನೆಯದನ್ನು ಕೂರಿಸಿದ ಭಾನುವಾರ ನಾನು ಅವರ ಮನೆಯಲ್ಲೇ ಇದ್ದೆ. ತಂತಿ ಮೀಟಿದ. ದನಿ ದುಂಡಗೆ ಹುಟ್ಟಿ, ಹೇಳಬೇಕಾದ್ದನ್ನು ಹೇಳಿ, ತಕ್ಷಣ ಸುಮ್ಮನಾಯಿತು. ಒಲೆಯ ಮುಂದಿದ್ದ ಗುರುಬಾಯಿ ತಿರುಗಿ ನೋಡಿದಳು. ಇನ್ನೊಮ್ಮೆ ಮೀಟಿದ. ಆಕೆ ಹಿಟ್ಟಿನ ಕೈಯಲ್ಲೇ ಬಂದು ಕುಳಿತು, ಎರಡು ವರ್ಷಗಳಲ್ಲಿ ಮೊದಲ ಬಾರಿಗೆ, ತನ್ನ ತಾಯಿ ಕಲಿಸಿದ ಪದವೊಂದನ್ನು ಎತ್ತಿದಳು. ಒಂದೊಂದು ಅಕ್ಷರವೂ ಕೇಳಿಸಿತು. ನನ್ನ ಕಣ್ಣು ತುಂಬಿತೆಂದು ಹೇಳಲು ನನಗೆ ಸಂಕೋಚವಿಲ್ಲ.

"ಮುಂದಿನ ತಿಂಗಳ ಮೊದಲನೇ ಸೋಮವಾರ ಮಂಡಳ್ಯಾಗ ಹಾಡ್ತೀನಿ" ಎಂದಳು. "ಅಲ್ಲೀತನಕ ಯಾರಿಗೂ ಹೇಳಬ್ಯಾಡ್ರಿ."

ಆತ ಅಚ್ಚನ್ನೇ ಹೊಸದಾಗಿ ಕೊರೆದು ಇನ್ನೂ ನುಣುಪಾದ ಏಳನೆಯದೊಂದನ್ನು ಬೇಯಿಸಿದ. ಅವರ ಗಾಲಾದಲ್ಲಿ ಒಂದು ಪದ್ಧತಿಯಿದೆ. ಹೊಸ ಅಚ್ಚಿನ ಮೊದಲ ಒಳ್ಳೆಯ ವಸ್ತುವನ್ನು ಮಾರುವುದಿಲ್ಲ, ದೇವರ ಮುಂದೆ ಇಡುತ್ತಾರೆ. ಅಣವೀರಪ್ಪ ಮನಸ್ಸಿನಲ್ಲೇ ಹನ್ನೊಂದು ದಿನಗಳ ಸಂಕಲ್ಪ ಮಾಡಿ ಆ ಕುದುರೆಯನ್ನು ಮನೆಗೆ ತಂದ. ದೇವರ ಜಗುಲಿಯ ಮೇಲೆ ಒಂದು ಸ್ಟೀಲು ಡಬ್ಬಿಯಿತ್ತು. ಕೊರಳಿನ ಗಾಯದ ಕಲೆಗೆ ದಾರ ತಾಗುವುದರಿಂದ ಗುರುಬಾಯಿ ತನ್ನ ಇಷ್ಟಲಿಂಗವನ್ನಿಟ್ಟ ಬೆಳ್ಳಿಯ ಸಂಪುಟವನ್ನು, ಅಂದರೆ ಕರಡಿಗೆಯನ್ನು, ಪೂಜೆಯ ಹೊತ್ತು ಬಿಟ್ಟರೆ ಉಳಿದಂತೆ ಆ ಡಬ್ಬಿಯಲ್ಲಿ, ಮಡಿಯ ಬಟ್ಟೆಯ ಮೇಲೆ ಇಡುತ್ತಿದ್ದಳು. ಲಿಂಗದ ಸಾನ್ನಿಧ್ಯಕ್ಕಿಂತ ಹೆಚ್ಚಿನ ಆಶೀರ್ವಾದ ಎಲ್ಲಿದೆ? ಆ ಬಟ್ಟೆಯ ಕೆಳಗೆ, ಹೆಂಡತಿಗೂ ಹೇಳದೆ, ರಬ್ಬರನ್ನು ಇಟ್ಟು ಮುಚ್ಚಳ ಬಿಗಿದ.

ಆಮೇಲೆ ನಡೆದದ್ದನ್ನು ಗುರುಬಾಯಿ ಯಾರಿಗೂ ಹೇಳಲಿಲ್ಲ. ನಾಲ್ಕನೆಯ ಬೆಳಗ್ಗೆ ಕರಡಿಗೆ ಹಳದಿಗೆ ತಿರುಗಿತ್ತು. ಒರೆಸಿದಳು. ಆರನೆಯ ಬೆಳಗ್ಗೆ ಕಂದು. ಒಂಬತ್ತನೆಯ ಬೆಳಗ್ಗೆ ಹೊಗೆ ಹಿಡಿದ ಲಾಟೀನಿನ ಗಾಜಿನಂತೆ ಕಪ್ಪು. ತಾನು ಹಾಡುವ ದಿನ ಹತ್ತಿರವಾದಂತೆ ಲಿಂಗಯ್ಯ ಮುಖ ತಿರುಗಿಸುತ್ತಿದ್ದಾನೆ ಎಂದು ಆ ತಾಯಿ ತಿಳಿದಳು. ಆದರೂ ಮಾತು ಕೊಟ್ಟಿದ್ದಳು. ಸೋಮವಾರ ಅದೇ ಕರಡಿಗೆ ಧರಿಸಿ, ಸೆರಗು ಮುಚ್ಚಿ ಬಂದಳು. ಅಣವೀರಪ್ಪ ಬೆಳಗ್ಗೆಯೇ ರಬ್ಬರನ್ನು ಡಬ್ಬಿಯಿಂದ ತೆಗೆದು ಗಿಟಾರಿಗೆ ಕೂರಿಸಿಕೊಂಡಿದ್ದ.

ಆಕೆ ಮುಂದಿನ ಸಾಲಿಗೆ ಬಂದು ಕುಳಿತಾಗ ಸೆರಗು ಸರಿಯಿತು.

"ಅಯ್ಯ ಶಿವನ, ಗುರುಬಾಯಿ, ಇದೇನ ನಿನ್ನ ಕರಡಿಗಿ ಹಿಂಗ್ಯಾಕಾಗ್ಯಾದ!" ಎಂದು ಮಲ್ಲಕ್ಕ ಕೂಗಿದಳು. ಕೆಟ್ಟ ಮನಸ್ಸಿನಿಂದಲ್ಲ, ಗಾಬರಿಯಿಂದ. ಹತ್ತು ಕತ್ತುಗಳು ಬಾಗಿದವು. ರಾಮಪ್ಪನವರು ಎದ್ದು ಬಂದು ನೋಡಿ ಕೈ ಮುಗಿದರು.

"ಲಿಂಗಾನೇ ಮಾರಿ ಮುಚ್ಚಿಕೊಂಡದ. ಇದರ ಮ್ಯಾಲ ನಾವೇನು ಹೇಳೋದು? ಆ ರಬ್ಬರಿನ ವಾದ್ಯ, ಆ ಸೀಳಿದ ದನಿ... ಬ್ಯಾಡಂತ ನಾ ಮೊದಲೇ ಅಂದಿದ್ದೆ. ಮಾಸ್ತರ್ರೇ, ನೀವು ಹೇಳ್ರಿ."

ಎಲ್ಲರೂ ನನ್ನತ್ತ ನೋಡಿದರು. ಬಂಧುಗಳೇ, ದೇವರು ಹೆದರಿಸುವವನಲ್ಲ ಎಂದು ಅದೇ ಗದ್ದುಗೆಯ ಮೇಲೆ ನೂರು ಸಲ ಹೇಳಿದ್ದೇನೆ. ನೂರಾ ಒಂದನೆಯ ಸಲ, ನಿಜವಾಗಿ ಬೇಕಾದಾಗ, ನನ್ನ ಬಾಯಿಂದ ಬಂದ ಮಾತು ಹೀಗಿತ್ತು: "ಇರಲಿ ಗುರುಬಾಯಿ, ಸ್ವಲ್ಪ ದಿನ ಬಿಡೋಣವ್ವ."

ಆಕೆ ಎದ್ದು ಮನೆಗೆ ಹೋದಳು. ಅಂದಿನಿಂದ ಒಲೆಯ ಮುಂದೆಯೂ ಒಂದು ಸ್ವರ ಎತ್ತಲಿಲ್ಲ.

ಮರುದಿನ ಗಾಲಾದಲ್ಲಿ, ಜೊತೆಗಾರ ಈಶ್ವರ ಮದುವೆಯ ಇಪ್ಪತ್ತೈದನೆಯ ವರ್ಷಕ್ಕೆಂದು ಹೆಂಡತಿ ಕೊಡಿಸಿದ ಬೆಳ್ಳಿಯ ಉಂಗುರ ಹಾಕಿಕೊಂಡೇ ರಬ್ಬರಿನ ರಾಶಿಗೆ ಕೈ ಹಾಕಿದ. ಅಣವೀರಪ್ಪ ಎಂದಿನಂತೆ ಗದರಿಸಿದ: "ಏ ಈಶ್ವರ, ಬೆಳ್ಳಿ ತಗಿ! ಗಂಧಕಕ್ಕ ಕರ್ರಗ ಆಗ್ತದ!" ಮೂವತ್ತೆರಡು ವರ್ಷಗಳಿಂದ ಹೊಸಬರಿಗೆಲ್ಲ ಹೇಳಿಕೊಂಡು ಬಂದ ಮಾತು. ಹೇಳಿ ಮುಗಿಸಿದವನು ಪ್ರೆಸ್ಸಿನ ಹಿಡಿಕೆ ಹಿಡಿದು ಹಾಗೆಯೇ ನಿಂತುಬಿಟ್ಟ. ರಬ್ಬರು ಬೇಯುವುದು ಗಂಧಕದಿಂದ. ಬೆಂದ ರಬ್ಬರು ವಾಸನೆಯ ಜೊತೆ ಆ ಗಂಧಕವನ್ನು ಬಿಡುತ್ತಲೇ ಇರುತ್ತದೆ. ಮುಚ್ಚಿದ ಡಬ್ಬಿ, ಚಾಳಿನ ತಗಡಿನ ಮಾಡು, ವೈಶಾಖದ ಸೆಕೆ. ಕಸುಬಿನಲ್ಲಿ ಕೂಸೂ ಬಲ್ಲ ಸಂಗತಿಯನ್ನು ಭಕ್ತಿಯ ಭರದಲ್ಲಿ ಆತ ಮರೆತಿದ್ದ.

ಸಂಜೆ ಮನೆಗೆ ಹೋಗಿ ಹೆಂಡತಿಗೆ ಎಲ್ಲವನ್ನೂ ಹೇಳಿದ. ಆಕೆ ನಂಬಲಿಲ್ಲ. "ನನ್ನ ಸಮಾಧಾನಕ್ಕ ಹೇಳ್ಲತ್ತೀರಿ" ಎಂದು ಗೋಡೆಗೆ ಮುಖ ಮಾಡಿದಳು.

ಅಲ್ಲಿಂದ ಆತ ನೇರವಾಗಿ ಲೋಕಲ್ ಹಿಡಿದು ಕಾಂದಿವಲಿಗೆ, ನನ್ನ ಬಾಗಿಲಿಗೆ ಬಂದ. ಕೈಯಲ್ಲಿ ಸ್ಟೀಲು ಡಬ್ಬಿ. ಅದರ ತುಂಬ ಅಂದೇ ಬೇಯಿಸಿದ ರಬ್ಬರಿನ ಚೂರು. ಚಪ್ಪಲಿ ಬಿಡಲಿಲ್ಲ, ಒಳಗೆ ಬರಲಿಲ್ಲ. ಡಬ್ಬಿಯಲ್ಲಿ ರಬ್ಬರು ಇಟ್ಟದ್ದನ್ನೂ ಗಂಧಕದ ಸಂಗತಿಯನ್ನೂ ಹೊಸ್ತಿಲಾಚೆಯೇ ನಿಂತು ಒಂದೇ ಉಸಿರಿಗೆ ಹೇಳಿದ.

"ನಿಮ್ಮ ಕರಡಿಗಿ ಕೊಡ್ರಿ."

"ಕೂತುಕೋ ಅಣವೀರಪ್ಪ, ನೀರು..."

"ನೀರು ಬ್ಯಾಡ. ನಿಮ್ಮ ಕರಡಿಗಿ ಬೆಳ್ಳೀದು ಅದಲ್ರಿ? ಈ ಡಬ್ಬ್ಯಾಗ ಇಡ್ರಿ. ನಿಮ್ಮ ಮನ್ಯಾಗೇ ಇರಲಿ, ನಾ ಮುಟ್ಟಂಗಿಲ್ಲ. ಸೋಮವಾರ ತಂದು ಎಲ್ಲಾರ ಮುಂದ ತಗೀರಿ."

"ಏನು ಹುಚ್ಚು ಇದು? ಯಾವುದಾದರೂ ಬೆಳ್ಳಿಯ ಚಮಚ ಕೊಡುತ್ತೇನೆ."

"ಚಮಚ ಕಪ್ಪಾದ್ರ ಯಾರು ನಂಬ್ತಾರ? ಆಕಿ ಲಿಂಗಕ್ಕ ಆದದ್ದು ನಿಮ್ಮ ಲಿಂಗಕ್ಕ ಆಗಲಿ." ಆತನ ಕುತ್ತಿಗೆಯ ನರ ಉಬ್ಬಿತ್ತು. "ನಾ ತಪ್ಪು ಮಾಡೀನಿ, ಖರೆ. ರಬ್ಬರಿನ್ಯಾಂವ ಆಗಿ ಬೆಳ್ಳಿ ಪಕ್ಕ ರಬ್ಬರ್ ಇಟ್ಟೀನಿ, ನನ್ನ ಕೆರ ತಗೊಂಡ್ ನಾನೇ ಹೊಡ್ಕೋಬೇಕು. ಆದ್ರ ನೀವು? ಬಿಡೋಣವ್ವ ಅಂದ್ರಿ. ಏನ್ ಬಿಡೋದು? ಆಕಿ ಹತ್ರ ಉಳದದ್ದೇ ಅಷ್ಟು ದನಿ!"

ನಾನು ಕೊರಳಿನ ದಾರಕ್ಕೆ ಕೈ ಹಾಕಿದೆ. ಕೈ ಅಲ್ಲೇ ನಿಂತಿತು. ಕಪ್ಪಾದರೆ? ಗಂಧಕವೆಂದು ಗೊತ್ತು, ವಿಜ್ಞಾನ ಕಲಿಸಿದವನು ನಾನು. ಆದರೂ ಎದೆಯೊಳಗೆ ಏನೋ ಅಳುಕಿತು. ಆ ಅಳುಕನ್ನು ಅಣವೀರಪ್ಪ ಕಂಡ. "ನೋಡ್ರಿ, ನಿಮಗೂ ಹೆದರಿಕಿ" ಎಂದ. ಒಂದು ಕ್ಷಣ ನನಗೆ ಆತನ ಮೇಲೆ ಕಡುಕೋಪ ಬಂತು. ಆತ ಹೇಳಿದ್ದು ನಿಜವಾಗಿತ್ತು. ಕೋಪಕ್ಕೆ ಬೇರೆ ಕಾರಣವಿರಲಿಲ್ಲ. ಲಿಂಗವನ್ನು ತೆಗೆದು ವಸ್ತ್ರದಲ್ಲಿ ಕಟ್ಟಿಕೊಂಡು, ಬರಿದಾದ ಕರಡಿಗೆಯನ್ನು ರಬ್ಬರಿನ ನಡುವೆ ಇಟ್ಟು ಮುಚ್ಚಳ ಬಿಗಿದೆ.

ಸೋಮವಾರ ಮಂದಿರ ತುಂಬಿತ್ತು. ಸುದ್ದಿ ಹೇಗೋ ಹರಡಿತ್ತು. ಬರಲಾರೆ ಎಂದಿದ್ದ ಗುರುಬಾಯಿಯನ್ನು ಮಲ್ಲಕ್ಕ ಕೈ ಹಿಡಿದು ಎಳೆದು ತಂದಿದ್ದಳು. ನಾನು ಪ್ರವಚನ ಆರಂಭಿಸಲಿಲ್ಲ. ಡಬ್ಬಿ ತೆರೆದು ಕರಡಿಗೆಯನ್ನು ಎತ್ತಿ ಹಿಡಿದೆ. ಅದು ಕಪ್ಪಾಗಿತ್ತು, ಗುರುಬಾಯಿಯದ್ದಕ್ಕಿಂತ ಹೆಚ್ಚು ಕಪ್ಪು.

"ಇದು ನನ್ನದು. ಆರು ದಿನ ನನ್ನ ಮನೆಯಲ್ಲಿತ್ತು. ಒಳಗೆ ಗಾಲಾದ ರಬ್ಬರಿತ್ತು. ರಬ್ಬರಿನ ಗಂಧಕ ಬೆಳ್ಳಿಯನ್ನು ಕಪ್ಪು ಮಾಡುತ್ತದೆ, ಯಾರ ಬೆಳ್ಳಿಯಾದರೂ. ಕಳೆದ ಸೋಮವಾರ ಈ ತಾಯಿಗೆ ನಾನು ಆಡಿದ ಮಾತು ತಪ್ಪು. ಅದು ಅಜ್ಞಾನವಲ್ಲ, ಹೇಡಿತನ." ವಿಭೂತಿಯನ್ನು ತುಸು ನೀರಿನಲ್ಲಿ ಕಲಸಿ ಉಜ್ಜಿದೆ. ಬಹಳ ಹೊತ್ತು ಉಜ್ಜಬೇಕಾಯಿತು. ಒಂದು ಮೂಲೆಯಲ್ಲಿ ಬೆಳ್ಳಿ ಬೆಳಗಿತು.

ರಾಮಪ್ಪನವರು ಗಂಟಲು ಸರಿಪಡಿಸಿಕೊಂಡರು. "ಆಯ್ತು ಬಿಡ್ರಿ, ತಿಳೀತು. ಹಂಗಂತ ಹಾಡಿನ ಸಮಸ್ಯಾ ಮುಗೀಲಿಲ್ಲಲ್ಲ? ಮೈಕ್‌ನ್ಯಾಗ ಆಕಿ ದನಿ..."

"ನಾ ಮಾತಾಡ್ತೀನಿ."

ಗುರುಬಾಯಿ ಎದ್ದು ನಿಂತಿದ್ದಳು. ಆಕೆ ಅಳುತ್ತಾಳೆಂದು ನಾನು ತಿಳಿದಿದ್ದೆ. ಕಣ್ಣು ಒಣಗಿತ್ತು, ಕೆಂಡದಂತಿತ್ತು. ದನಿ ಸಣ್ಣದಾದ್ದರಿಂದ ಎಲ್ಲರೂ ಮುಂದಕ್ಕೆ ಬಾಗಿದರು. ಮೊದಲು ಗಂಡನತ್ತ ತಿರುಗಿದಳು.

"ಹನ್ನೊಂದು ದಿನ ನನ್ನ ಲಿಂಗದ ಡಬ್ಬ್ಯಾಗ ರಬ್ಬರ್ ಇಟ್ರಿ. ನಂಗ ಒಂದ್ ಮಾತು ಹೇಳಿದ್ರಿ? ದಿನಾ ಮುಂಜಾನಿ ಅದು ಕಪ್ಪಾಗೋದು ನೋಡಿ ನಾ ಒಳಗ ಬೇಯ್ಲತ್ತಿದ್ದೆ. ನೀವು ಮಗ್ಗಲದಾಗೇ ಕೂತು ಚಹಾ ಕುಡಿಲತ್ತಿದ್ರಿ."

ಅಣವೀರಪ್ಪ ತಲೆ ತಗ್ಗಿಸಿದ.

"ಮಾಸ್ತರ್ರೇ, ನಿಮ್ಮ ಕರಡಿಗಿ ಕಪ್ಪಾದ್ರ ಗಂಧಕ. ನನ್ನ ಕರಡಿಗಿ ಕಪ್ಪಾದ್ರ ಪಾಪ. ಹೌದಿಲ್ರಿ? ನಿಮ್ಮದು ಕಪ್ಪಾಗೋತನಕ ನನ್ನ ಮಾತಿಗಿ, ನನ್ನ ಗಂಡನ ಮಾತಿಗಿ ಕಿಮ್ಮತ್ತಿಲ್ಲ."

ನಾನು ಕರಡಿಗೆಯನ್ನು ಕೆಳಗಿಟ್ಟೆ. ಆಕೆ ರಾಮಪ್ಪನವರತ್ತ ತಿರುಗಿದಳು.

"ಅಧ್ಯಕ್ಷರೇ, ಇವರು ತಮ್ಮ ಗಿಟಾರಿನ ಬಾಯಿ ಮುಚ್ಚಿಸ್ಯಾರ. ಇನ್ನ ನಿಮ್ಮ ಪಾಳಿ. ಮೈಕ್ ಬಂದ್ ಮಾಡ್ರಿ. ತಬಲಾ ಕೆಳಗಿಡ್ರಿ. ಫ್ಯಾನ್ ಬಂದ್ ಮಾಡ್ರಿ."

"ಫ್ಯಾನಾ? ಈ ಸೆಕ್ಯಾಗ ಮಂದಿ ಸಾಯ್ತಾರವ್ವ!"

"ಸಾಯಂಗಿಲ್ಲ. ನಾ ಎರಡ್ ವರ್ಷ ಬಾಯಿ ಮುಚ್ಚಿ ಕೂತೀನಿ, ಸತ್ತಿಲ್ಲ."

ಮಲ್ಲಕ್ಕ ಹೋಗಿ ಸ್ವಿಚ್ಚುಗಳನ್ನು ಒಂದೊಂದಾಗಿ ಆರಿಸಿದಳು. ನಾಲ್ಕು ಫ್ಯಾನುಗಳು ಕುಂಟುತ್ತ ನಿಂತವು. ನಮ್ಮ ಮಂದಿರದಲ್ಲಿ ಅಷ್ಟು ನಿಶ್ಶಬ್ದವಿರಬಹುದೆಂದು ನನಗೆ ಗೊತ್ತೇ ಇರಲಿಲ್ಲ. ಅಣವೀರಪ್ಪ ರಬ್ಬರಿನ ಕುದುರೆಯ ಮೇಲಿನ ತಂತಿ ಮೀಟಿದ. ದನಿ ಹುಟ್ಟಿ ಅಲ್ಲೇ ಅಡಗಿತು. ಆಕೆ ಪದ ಎತ್ತಿದಳು. ಅರ್ಧದಲ್ಲಿ ಲೋಕಲ್ ಗಾಡಿ ಹಾಯಿತು. ನಿಲ್ಲಿಸಿದಳು, ಗಾಡಿ ಹೋಗುವವರೆಗೆ ನಮ್ಮನ್ನೆಲ್ಲ ದಿಟ್ಟಿಸಿದಳು, ಮತ್ತೆ ಮೊದಲಿನಿಂದ ಆರಂಭಿಸಿದಳು. ಅದು ಶಾಂತವಾದ ಹಾಡಾಗಿರಲಿಲ್ಲ. ಭಕ್ತಿಯಿತ್ತು, ಆ ಭಕ್ತಿಯ ತುಂಬ ದೇವರನ್ನೇ ಎದುರು ನಿಲ್ಲಿಸಿ ಕೇಳುವ ಸಿಟ್ಟಿತ್ತು. ಹಿಂದಿನ ಸಾಲಿನ ಮುದುಕರು ಕಿವಿಗೆ ಅಂಗೈ ಹಿಡಿದು ಕುಳಿತರು. ಬೆವರು ಹುಬ್ಬಿನಿಂದ ಇಳಿದರೂ ಯಾರೂ ಒರೆಸಿಕೊಳ್ಳಲಿಲ್ಲ.

ಪದ ಮುಗಿಯಿತು. ಅಂಗಿ ಮೈಗಂಟಿದ ರಾಮಪ್ಪನವರು ಉಸ್ಸೆಂದು ಎದ್ದು ಫ್ಯಾನಿನ ಸ್ವಿಚ್ಚಿನತ್ತ ಹೆಜ್ಜೆ ಇಟ್ಟರು.

"ಕೂಡ್ರಿ ಅಧ್ಯಕ್ಷರೇ," ಎಂದಳು ಗುರುಬಾಯಿ, "ಇನ್ನೊಂದ್ ಪದ ಅದ."

ರಾಮಪ್ಪನವರು ಬಂದು ಕುಳಿತರು.